‘ಹಿಂದೆ ಖಾಲಿ ಬಸ್ ಬರ್ತಾ ಇದೆ’: ಸಾಂಕ್ರಾಮಿಕದ ಕಾಲಕ್ಕೆ ಬಸ್ಸಿನ ಲೈವ್ ಮಾಹಿತಿ ಸಿದ್ಧಪಡಿಸುವ ಬಗೆ

2020ರ ಮೇ 19ರಂದು ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ 30 ಜನ ಎಂಬ ಮಿತಿ ಇತ್ತು. ಮಿತಿ ಹಾಕುವುದು ಸುಲಭ. ಬರುತ್ತಿರುವ ಬಸ್ಸಿನಲ್ಲಿ 12 ಜನ ಇದ್ದಾರೋ 29 ಜನ ಇದ್ದಾರೋ ಎಂಬುದು ಸ್ಟಾಪಿನಲ್ಲಿ ನಿಂತವರಿಗೆ ಗೊತ್ತಾಗುವುದು ಮಾತ್ರ ಬಾಗಿಲು ಎದುರಿಗೆ ಬಂದು ನಿಂತ ಮೇಲೆ. ಅಷ್ಟರಲ್ಲಿ ಹಿಂದಿನಿಂದ ಹತ್ತು ಜನ ಒತ್ತುತ್ತಿರುತ್ತಾರೆ. ಆಗ ಕಂಡಕ್ಟರ್ ಹೇಳುವ ಮಾತು ಒಂದೇ: ‘ಹಿಂದೆ ಖಾಲಿ ಬಸ್ ಬರ್ತಾ ಇದೆ’. ಆ ಮಾತನ್ನು ಯಾರೂ ನಂಬುವುದಿಲ್ಲ, ನಂಬಬೇಕಾದ ಕಾರಣವೂ ಇಲ್ಲ. ಹಿಂದಿನ ಬಸ್ ಎಲ್ಲಿದೆ ಎಂದು ಕಂಡಕ್ಟರಿಗೇ ಗೊತ್ತಿರುವುದಿಲ್ಲ.

ಆ ಒಂದು ವಾಕ್ಯವನ್ನು ನಿಜ ಮಾಡುವುದು ಹೇಗೆ ಎಂಬುದೇ ಈ ಬರಹದ ವಿಷಯ. ಬಸ್ ಎಷ್ಟು ನಿಮಿಷಕ್ಕೆ ಬರುತ್ತದೆ, ಅದರಲ್ಲಿ ಜಾಗ ಇದೆಯೇ, ಇಲ್ಲದಿದ್ದರೆ ಅದರ ಹಿಂದಿನದು ಯಾವಾಗ, ಅದರಲ್ಲಾದರೂ ಜಾಗ ಇದೆಯೇ. ಈ ನಾಲ್ಕು ಉತ್ತರಗಳು ಒಟ್ಟಿಗೆ ಸಿಕ್ಕರೆ ಮಾತ್ರ ಜನ ತುಂಬಿದ ಬಸ್ಸನ್ನು ಬಿಟ್ಟುಕೊಡುತ್ತಾರೆ. ಸಮಯ ಮಾತ್ರ ತೋರಿಸುವ ಆ್ಯಪ್ ಮಾಮೂಲಿ ದಿನಗಳಿಗೆ ಸಾಕು, ಸಾಂಕ್ರಾಮಿಕದ ದಿನಗಳಿಗೆ ಸಾಲದು. ನಗರ ಸಾರಿಗೆ ಘಟಕಗಳು, ಕಂಟ್ರೋಲ್ ರೂಮಿನವರು, ಆ್ಯಪ್ ಕಟ್ಟುವವರು ಮೊದಲ ಓದುಗರು. ಪ್ರಯಾಣಿಕರಿಗೆ ಬೇಕಾದ್ದು ಕೊನೆಯ ಕಡೆ ಇದೆ.

ಮೊದಲು ಲೆಕ್ಕ

ಒಂದು ಮಾರ್ಗದಲ್ಲಿ ಬೆಳಗಿನ ರಶ್ ಹೊತ್ತಿಗೆ ಒಂದು ದಿಕ್ಕಿಗೆ ಗಂಟೆಗೆ 600 ಜನ ಹೋಗುತ್ತಾರೆ ಎಂದುಕೊಳ್ಳಿ. ಬಸ್ಸಿಗೆ 60 ಜನರಂತೆ 10 ಬಸ್ ಸಾಕು, ಆರು ನಿಮಿಷಕ್ಕೊಂದು. ಮಿತಿ 30 ಆದರೆ 20 ಬಸ್ ಬೇಕು, ಮೂರು ನಿಮಿಷಕ್ಕೊಂದು. ಸಿಬ್ಬಂದಿಯಲ್ಲಿ ಕೆಲವರು ಜ್ವರ ಬಂದು ಮನೆಯಲ್ಲಿರುವ ಹೊತ್ತಿನಲ್ಲಿ ಬಸ್ ಎರಡು ಪಟ್ಟಾಗುವುದಿಲ್ಲ. ಹಾಗಾಗಿ ಇರುವ ಬಸ್ಸುಗಳಲ್ಲೇ ಜನರನ್ನು ಸಮನಾಗಿ ಹರಡಬೇಕು.

ಹರಡಲು ಅವಕಾಶ ಎಲ್ಲಿದೆ? ಒಂದು ಸ್ಟಾಪಿಗೆ ನಿಮಿಷಕ್ಕೆ ಇಬ್ಬರು ಬರುತ್ತಾರೆ, ಬಸ್ ಹತ್ತು ನಿಮಿಷಕ್ಕೊಂದು. ಪ್ರತಿ ಬಸ್ಸಿಗೆ 20 ಜನ. ಮೊದಲ ಬಸ್ ಸಿಗ್ನಲ್‌ನಲ್ಲಿ ಸಿಕ್ಕಿ 4 ನಿಮಿಷ ತಡವಾದರೆ 14 ನಿಮಿಷದ ಜನ, ಅಂದರೆ 28 ಮಂದಿ ಅದಕ್ಕೇ ಹತ್ತುತ್ತಾರೆ. ಸಮಯಕ್ಕೆ ಸರಿಯಾಗಿ ಬಂದ ಎರಡನೆಯದಕ್ಕೆ 6 ನಿಮಿಷದ ಜನ, 12 ಮಂದಿ. ಮೊದಲನೆಯದು 28 ಜನರನ್ನು ಹತ್ತಿಸಿಕೊಳ್ಳುವುದರಲ್ಲೇ ಇನ್ನಷ್ಟು ತಡವಾಗುತ್ತದೆ, ಮುಂದಿನ ಸ್ಟಾಪಿನಲ್ಲಿ ಇನ್ನೂ ಹೆಚ್ಚು ಜನ ಸಿಗುತ್ತಾರೆ, ಎರಡನೆಯದು ಖಾಲಿಯಾಗಿ ಅದರ ಬೆನ್ನಿಗೇ ಬಂದು ನಿಲ್ಲುತ್ತದೆ. ಸರಾಸರಿ ನೋಡಿದರೆ ಎರಡೂ ಬಸ್ಸಿಗೆ 20 ಜನ. ಕಾಗದದ ಮೇಲೆ ಎಲ್ಲವೂ ಸರಿ. ಸೋಂಕಿಗೆ ಸರಾಸರಿ ಗೊತ್ತಿಲ್ಲ.

ಆ 28 ಜನರಲ್ಲಿ 8 ಮಂದಿ ಆರು ನಿಮಿಷ ಕಾಯಲು ಒಪ್ಪಿದರೆ 20–20 ಆಗಿಬಿಡುತ್ತದೆ. ಹೊಸ ಬಸ್ಸೂ ಬೇಡ, ಹೊಸ ಡ್ರೈವರೂ ಬೇಡ. ಹಿಂದಿನದು ಆರು ನಿಮಿಷಕ್ಕೆ ಬರುತ್ತದೆ, ಸೀಟು ಖಾಲಿ ಇದೆ ಎಂಬ ನಂಬಲರ್ಹ ಸುದ್ದಿ ಎಂಟು ಜನಕ್ಕೆ ಮುಟ್ಟಿದರೆ ಸಾಕು.

ತಲೆ ಎಣಿಕೆಯ ಜೊತೆಗೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2020ರ ಜನವರಿಯಲ್ಲಿ ಚೀನಾದ ನಿಂಗ್‌ಬೋದಲ್ಲಿ ಒಂದೇ ಪೂಜಾ ಕಾರ್ಯಕ್ರಮಕ್ಕೆ ಎರಡು ಬಸ್ ಹೋದವು. ಸೋಂಕಿತರೊಬ್ಬರಿದ್ದ, 68 ಜನರ ಬಸ್ಸಿನಲ್ಲಿ ಇನ್ನೂ 23 ಮಂದಿಗೆ ಕೋವಿಡ್ ಬಂತು. 60 ಜನರಿದ್ದ ಇನ್ನೊಂದು ಬಸ್ಸಿನಲ್ಲಿ ಯಾರಿಗೂ ಬರಲಿಲ್ಲ. ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿತ್ತು, ಸೋಂಕಿತರಿಂದ ಹಲವು ಸಾಲು ದೂರ ಕೂತವರಿಗೂ ಅದು ತಗುಲಿತು. ನಮ್ಮ ಕಿಟಕಿ ತೆರೆದ ಕೆಂಪು ಬಸ್ಸಿನಲ್ಲಿ 25 ಜನ ಇರುವುದೂ, ಗಾಜು ಮುಚ್ಚಿದ ಎಸಿ ಬಸ್ಸಿನಲ್ಲಿ 25 ಜನ ಇರುವುದೂ ಒಂದೇ ಅಲ್ಲ. ಆದ್ದರಿಂದ ಪರದೆಯ ಮೇಲೆ ಬಸ್ ಎಸಿಯೋ ಸಾಮಾನ್ಯವೋ ಎಂಬುದು ಕಾಣಲೇಬೇಕು. ಎಸಿ ಬಸ್ಸುಗಳಿಗೆ ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಹಿಡಿದು ರಶ್ ಹೊತ್ತಿನಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420) ಇರುತ್ತದೆ. ಒಳಗೆ 800ರ ಒಳಗಿದ್ದರೆ ಪರವಾಗಿಲ್ಲ. 1500 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಅಂಥ ಬಸ್ಸಿಗೆ ಹೊರಗಿನ ಗಾಳಿ ಒಳಬಿಡುವ ಕಿಂಡಿ (ಡ್ಯಾಂಪರ್) ತೆರೆಸಿ, ಮಿತಿಯನ್ನೂ ಇಳಿಸಿ.

ಜನರ ಎಣಿಕೆ ಎಲ್ಲಿಂದ ಬರಬೇಕು

ಜಿಪಿಎಸ್ ಬಸ್ ಎಲ್ಲಿದೆ ಎಂದು ಹೇಳುತ್ತದೆ, ಒಳಗೆ ಎಷ್ಟು ಜನ ಎಂದು ಹೇಳುವುದಿಲ್ಲ. ಎಣಿಕೆಗೆ ನಾಲ್ಕೈದು ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ರೋಗ.

ನಮ್ಮಲ್ಲಿ ಅಗ್ಗದ ದಾರಿ ಇಟಿಎಂ, ಅಂದರೆ ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್. ಸ್ಟೇಜ್ (ದರ ಬದಲಾಗುವ ನಿಲ್ದಾಣ) ಲೆಕ್ಕದಲ್ಲಿ ಟಿಕೆಟ್ ಕೊಡುವುದರಿಂದ ಹತ್ತಿದ ಜಾಗವೂ ಇಳಿಯುವ ಜಾಗವೂ ಟಿಕೆಟ್‌ನಲ್ಲೇ ಇರುತ್ತವೆ. ವಿದೇಶದ ಎಷ್ಟೋ ನಗರಗಳಲ್ಲಿ ಹತ್ತುವಾಗ ಮಾತ್ರ ಕಾರ್ಡ್ ಮುಟ್ಟಿಸುತ್ತಾರೆ, ಇಳಿದದ್ದು ಗೊತ್ತಾಗುವುದಿಲ್ಲ. ಆ ಮಟ್ಟಿಗೆ ನಮ್ಮ ಹಳೆಯ ಪದ್ಧತಿಯೇ ಮೇಲು. ಐದನೇ ಸ್ಟೇಜ್ ದಾಟಿದಾಗ ಒಳಗಿರುವವರು ಎಷ್ಟು? ಅಲ್ಲಿಯವರೆಗೆ ಕೊಟ್ಟ ಒಟ್ಟು ಟಿಕೆಟ್‌ಗಳಿಂದ, ಐದನೇ ಸ್ಟೇಜ್ ಅಥವಾ ಅದಕ್ಕೂ ಮೊದಲು ಇಳಿಯುವ ಟಿಕೆಟ್‌ಗಳನ್ನು ಕಳೆಯಿರಿ. 41 ಕೊಟ್ಟು 17 ಮುಗಿದಿದ್ದರೆ ಒಳಗೆ 24.

ಒಳಗೆ ನಿಜವಾಗಿ ಇರುವುದು ಮಾತ್ರ 31 ಆಗಿರಬಹುದು. ಉಳಿದ ಏಳು ಜನ ಪಾಸಿನವರು. ವಿದ್ಯಾರ್ಥಿ ಪಾಸು, ತಿಂಗಳ ಪಾಸು ತೋರಿಸಿದವರು ಇಟಿಎಂಗೆ ಕಾಣುವುದಿಲ್ಲ. ಇದಕ್ಕೆ ಗುಣಕ ಬೇಕು: 31ನ್ನು 24ರಿಂದ ಭಾಗಿಸಿದರೆ 1.29. ಒಂದು ವಾರ, ಮಾರ್ಗದ ಮೂರು ಸ್ಟಾಪುಗಳಲ್ಲಿ ಇಬ್ಬರನ್ನು ನಿಲ್ಲಿಸಿ ಕೈಯಲ್ಲೇ ಎಣಿಸಿ ಈ ಗುಣಕ ತೆಗೆಯಿರಿ. ಬೆಳಗ್ಗೆ 7ರಿಂದ 10, ಮಧ್ಯಾಹ್ನ, ಸಂಜೆ 4ರಿಂದ 8 ಎಂದು ಬೇರೆ ಬೇರೆ ಮಾಡಿ. ಕಾಲೇಜು ಇರುವ ಮಾರ್ಗದ ಬೆಳಗಿನ ಗುಣಕಕ್ಕೂ ಅದೇ ಮಾರ್ಗದ ಮಧ್ಯಾಹ್ನದ ಗುಣಕಕ್ಕೂ ಸಂಬಂಧವೇ ಇರುವುದಿಲ್ಲ. ಶಾಲೆ ಕಾಲೇಜು ಮುಚ್ಚಿದ ದಿನ, ತೆರೆದ ದಿನ ಗುಣಕ ಸತ್ತಿತು ಎಂದೇ ತಿಳಿದು ಮತ್ತೆ ಎಣಿಸಿ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೂ ಶೂನ್ಯ ದರದ ಟಿಕೆಟ್ ಹರಿದು ಕೊಡುವುದರಿಂದ ಅವರು ಎಣಿಕೆಯೊಳಗೆ ಬರುತ್ತಾರೆ. ಲೆಕ್ಕದ ದೃಷ್ಟಿಯಿಂದ ಅದು ದೊಡ್ಡ ಅನುಕೂಲ.

ಇನ್ನೊಂದು ಬಲೆ ಇದೆ. 2020ರ ಮೇನಲ್ಲಿ ಚಿಲ್ಲರೆ ಕೈ ಬದಲಾಗಬಾರದೆಂದು ಮೊದಮೊದಲು ಟಿಕೆಟ್ ಕೊಡದೆ 70 ರೂಪಾಯಿಯ ದಿನದ ಪಾಸು, 300 ರೂಪಾಯಿಯ ವಾರದ ಪಾಸು ಮಾತ್ರ ನಡೆದವು. ಸೋಂಕು ತಡೆಯಲು ಒಳ್ಳೆಯ ಯೋಚನೆ. ಟಿಕೆಟ್ ನಂಬಿ ಎಣಿಸುವ ವ್ಯವಸ್ಥೆ ಮಾತ್ರ ಅಂಥ ದಿನ ಪೂರ್ತಿ ಕುರುಡಾಗುತ್ತದೆ. ಎಣಿಕೆ ಅತ್ಯಂತ ಬೇಕಾದ ದಿನವೇ ಎಣಿಕೆಯ ಮೂಲ ಒಣಗುವ ಸಾಧ್ಯತೆ ಇದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಎರಡನೇ ಮೂಲ ಒಂದನ್ನು ಇಟ್ಟುಕೊಳ್ಳಿ.

ಆ ಎರಡನೇ ಮೂಲ ಕಂಡಕ್ಟರೇ. ಇಟಿಎಂನಲ್ಲಿ ಮೂರು ಗುಂಡಿ: ‘ಸೀಟಿದೆ’, ‘ನಿಲ್ಲಬಹುದು’, ‘ತುಂಬಿದೆ’. ಸಣ್ಣ ಊರಿನ ನಗರ ಸಾರಿಗೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಪ್ರತಿ ಸ್ಟಾಪಿನಲ್ಲೂ ಒತ್ತಿ ಎಂದರೆ ಎರಡನೇ ದಿನಕ್ಕೇ ನಿಂತುಹೋಗುತ್ತದೆ. ಒಂದು ಟ್ರಿಪ್‌ಗೆ ಆರರಿಂದ ಎಂಟು ಸ್ಟಾಪ್ ಆರಿಸಿ, ಜನ ಹೆಚ್ಚು ಹತ್ತುವ, ಹೆಚ್ಚು ಇಳಿಯುವ ಜಾಗಗಳು ಮಾತ್ರ. ಅಲ್ಲಿಗೆ ಬಂದಾಗ ಮೆಷಿನ್ ತಾನೇ ಕೇಳಬೇಕು. ಒಂದು ಒತ್ತಿಗೆ ಮುಗಿಯಬೇಕು. ಹತ್ತು ನಿಮಿಷ ಯಾರೂ ಒತ್ತದಿದ್ದರೆ ಹಳೆಯ ಉತ್ತರ ತಾನಾಗಿ ಅಳಿಯಬೇಕು. ಈ ಮಾಹಿತಿಯನ್ನು ಕಂಡಕ್ಟರಿಗೆ ಮೆಮೋ ಕೊಡಲು ಬಳಸಿದಿರೋ, ಮರುದಿನದಿಂದ ಎಲ್ಲ ಬಸ್ಸೂ ‘ಸೀಟಿದೆ’ ಆಗಿಬಿಡುತ್ತವೆ.

ಟಿಕೆಟ್ ಎಣಿಕೆಗೂ ಗುಂಡಿಗೂ ಜಗಳ ಬಂದರೆ ಗುಂಡಿಯನ್ನು ನಂಬಿ. ರಶ್‌ನಲ್ಲಿ ಕಂಡಕ್ಟರ್ ಹಿಂದಿನ ಬಾಗಿಲಿಂದ ಮುಂದಕ್ಕೆ ತಲುಪುವಷ್ಟರಲ್ಲಿ ಎರಡು ಸ್ಟಾಪ್ ಕಳೆದಿರುತ್ತದೆ, ಟಿಕೆಟ್ ತಡವಾಗಿ ಹರಿಯುತ್ತದೆ. ಅಂದರೆ ಜನ ಏರುತ್ತಿರುವ ಹೊತ್ತಿನಲ್ಲಿ ಇಟಿಎಂ ಯಾವಾಗಲೂ ಕಡಿಮೆಯೇ ಹೇಳುತ್ತದೆ. ಕಳೆದ ಎರಡು ಸ್ಟೇಜ್‌ಗಳಲ್ಲಿ ಎಣಿಕೆ ಏರುತ್ತಿದ್ದರೆ ಪರದೆಯಲ್ಲಿ ಒಂದು ಮೆಟ್ಟಿಲು ಮೇಲಿನ ಬಣ್ಣವನ್ನೇ ತೋರಿಸಿ: ಹಸಿರಿದ್ದರೆ ಹಳದಿ, ಹಳದಿ ಇದ್ದರೆ ಕೆಂಪು.

ಬಾಗಿಲಿನ ಮೇಲೆ ಕೂರಿಸುವ ಸೆನ್ಸರ್‌ಗಳು ದುಬಾರಿ, ಆದರೆ ಪಾಸು ಟಿಕೆಟ್ ಭೇದವಿಲ್ಲದೆ ಎಣಿಸುತ್ತವೆ. ಅತಿಗೆಂಪು ಕಿರಣದವು ಅಗ್ಗ. ಇಬ್ಬರು ಒಟ್ಟಿಗೆ ನುಗ್ಗಿದರೆ ಒಬ್ಬರೆಂದು ಎಣಿಸುತ್ತವೆ. ಎರಡು ಕ್ಯಾಮೆರಾ ಕಣ್ಣಿನ ಮೂರು ಆಯಾಮದವು ಮೇಲು. ಹೇಗಿದ್ದರೂ ತಪ್ಪು ಕೂಡುತ್ತಾ ಹೋಗುತ್ತದೆ. 200 ಜನ ಹತ್ತಿ ಇಳಿದ ಟ್ರಿಪ್‌ನಲ್ಲಿ ಹತ್ತುವಾಗ ನೂರಕ್ಕೆ 3, ಇಳಿಯುವಾಗ ನೂರಕ್ಕೆ 1 ತಪ್ಪಿದರೆ 194 ಹತ್ತಿ 198 ಇಳಿದಂತಾಗಿ ಬಸ್ಸಿನಲ್ಲಿ ಮೈನಸ್ ನಾಲ್ಕು ಜನ! ಪ್ರತಿ ಟ್ರಿಪ್ ಮುಗಿದಾಗ ಸೊನ್ನೆಗೆ ತನ್ನಿ. ಎರಡೂ ಬಾಗಿಲಿಗೆ ಸೆನ್ಸರ್ ಹಾಕಿ. ಮುಂದಿನ ಬಾಗಿಲಿಗೆ ಮಾತ್ರ ಹಾಕಿದರೆ ನಮ್ಮಲ್ಲಿ ಬಹುಪಾಲು ಹೆಂಗಸರನ್ನಷ್ಟೇ ಎಣಿಸಿದಂತಾಗುತ್ತದೆ. ಫುಟ್‌ಬೋರ್ಡ್ ಮೇಲೆ ನಿಂತವರು ಸೆನ್ಸರ್‌ನ ಕಣ್ಣು ಮುಚ್ಚುತ್ತಾರೆ. ಅಂಥ ಬಸ್ ತುಂಬಿದೆ ಎಂದೇ ಲೆಕ್ಕ, ಸೆನ್ಸರ್ ಏನೇ ಹೇಳಲಿ.

ಏರ್ ಸಸ್ಪೆನ್ಷನ್ ಇರುವ, ಅಂದರೆ ಗಾಳಿ ತುಂಬಿದ ಚೀಲಗಳ ಮೇಲೆ ಕೂರುವ ಬಸ್ಸಿನಲ್ಲಿ ಗಾಳಿಯ ಒತ್ತಡದಿಂದಲೇ ಭಾರ ತಿಳಿಯುತ್ತದೆ. ಖಾಲಿ ಬಸ್ಸಿನ ಒತ್ತಡ ಕಳೆದು, ಉಳಿದ ಭಾರವನ್ನು ತಲೆಗೆ 60–65 ಕಿಲೋದಂತೆ ಭಾಗಿಸಿದರೆ ತಲೆ ಎಣಿಕೆ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಬಸ್ಸಿಗೆ ಇದು ಆಗದು. ರೈಲಿಗೆ ಇದೇ ಒಳ್ಳೆಯ ದಾರಿ, ಯಾಕೆಂದರೆ ಬ್ರೇಕ್ ಎಷ್ಟು ಹಿಡಿಯಬೇಕೆಂದು ತಿಳಿಯಲು ಮೆಟ್ರೋ ಬೋಗಿಗಳಲ್ಲಿ ಭಾರದ ಅಳತೆ ಹೇಗೂ ನಡೆಯುತ್ತಿರುತ್ತದೆ. ಜಪಾನಿನ ಜೆಆರ್ ಈಸ್ಟ್ ಟೋಕಿಯೋದ ಯಮನೋಟೆ ಮಾರ್ಗದಲ್ಲಿ ಬೋಗಿವಾರು ಜನಸಂದಣಿ ತೋರಿಸುತ್ತಾ ಬಂದಿರುವುದು ಈ ಅಳತೆಯಿಂದಲೇ.

ಮುಖ ಗುರುತಿಸುವ ಕ್ಯಾಮೆರಾ ಬೇಡ. ಎಷ್ಟು ಜನ ಎಂಬುದು ಬೇಕು, ಯಾರು ಎಂಬುದು ಬೇಡ.

ಬಣ್ಣಗಳ ಗಡಿ

ಮೂರು ಬಣ್ಣ, ಗೊತ್ತಿಲ್ಲದ್ದಕ್ಕೆ ಒಂದು ಬೂದು. ಸಿಂಗಾಪುರದ ಸಾರಿಗೆ ಪ್ರಾಧಿಕಾರ ಕೋವಿಡ್‌ಗೆ ಎಷ್ಟೋ ಮೊದಲೇ ಇದನ್ನು ಮಾಡಿತ್ತು: ಸೀಟಿದ್ದರೆ ಹಸಿರು, ನಿಲ್ಲಲು ಜಾಗವಿದ್ದರೆ ಹಳದಿ, ನಿಲ್ಲಲೂ ಕಷ್ಟವಾದರೆ ಕೆಂಪು. ಸಾಂಕ್ರಾಮಿಕ ಬಂದಾಗ ಅವರು ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ, ಜನಕ್ಕೆ ಬಣ್ಣಗಳ ಪರಿಚಯವಿತ್ತು.

ಗಡಿ ಎಲ್ಲಿ ಹಾಕಬೇಕು ಎಂಬುದು ಸರ್ಕಾರದ ಮಿತಿಯ ಮೇಲೆ ನಿಂತಿದೆ, ಆ ಮಿತಿ ಊರೂರಿಗೆ ಬೇರೆ. 2020ರಲ್ಲಿ ಸಾಧಾರಣ ಉದ್ದದ ಬಸ್ಸಿಗೆ ಸಿಡ್ನಿಯಲ್ಲಿ 12, ಷಿಕಾಗೋದಲ್ಲಿ 15, ದೆಹಲಿಯಲ್ಲಿ 20, ನಮ್ಮಲ್ಲಿ 30. ನಾಳೆ ಇನ್ನೊಂದಾಗಬಹುದು. ಆದ್ದರಿಂದ ಮಿತಿಯನ್ನು ಪ್ರೋಗ್ರಾಮಿನೊಳಗೆ ಬರೆದು ಹೂಳಬೇಡಿ, ಹೊರಗೆ ಒಂದೇ ಸಾಲಿನಲ್ಲಿ ಬದಲಾಯಿಸುವಂತೆ ಇಡಿ. ಮಿತಿ 30 ಆದರೆ 18ರವರೆಗೆ ಹಸಿರು, 19ರಿಂದ 27 ಹಳದಿ, 28ರಿಂದ ಕೆಂಪು. 30ಕ್ಕೆ ಯಾಕಲ್ಲ ಅಂದರೆ ಮಾಹಿತಿ ಪರದೆಗೆ ಬರುವಷ್ಟರಲ್ಲಿ ಇನ್ನೂ ಇಬ್ಬರು ಹತ್ತಿರುತ್ತಾರೆ.

ಮಳೆಗೆ ಬೇರೆ ಗಡಿ. ಜೋರು ಮಳೆ ಬಂದ ಕೂಡಲೇ ಶಟರ್‌ಗಳು ಧಡಧಡ ಇಳಿಯುತ್ತವೆ, ಗಾಳಿ ನಿಲ್ಲುತ್ತದೆ, ಜೊತೆಗೆ ದ್ವಿಚಕ್ರದವರೂ ಬಸ್ ಹತ್ತುತ್ತಾರೆ. ಆ ಗಂಟೆಗೆ ಪ್ರತಿ ಗಡಿಯನ್ನೂ ಮೂರನೇ ಒಂದು ಭಾಗ ಇಳಿಸುವ ಸ್ವಿಚ್ ಕಂಟ್ರೋಲ್ ರೂಮಿನಲ್ಲಿರಲಿ: ಹಸಿರು 12ಕ್ಕೆ, ಹಳದಿ 18ಕ್ಕೆ ಮುಗಿಯಲಿ.

ಮಾಹಿತಿಯನ್ನು ಬೇರೆ ಆ್ಯಪ್‌ಗಳಿಗೂ ಕೊಡುವುದಾದರೆ ಜಿಟಿಎಫ್‌ಎಸ್ ರಿಯಲ್‌ಟೈಮ್ ಮಾದರಿಯಲ್ಲೇ ಕೊಡಿ. ಜಿಟಿಎಫ್‌ಎಸ್ 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಶುರು ಮಾಡಿದ ವೇಳಾಪಟ್ಟಿಯ ಮಾದರಿ, ಲೈವ್ ಭಾಗ 2011ರಲ್ಲಿ ಬಂತು. ದೆಹಲಿ ಸರ್ಕಾರ ಮತ್ತು ಐಐಐಟಿ ದೆಹಲಿ 2018ರಿಂದ ಬಸ್ಸುಗಳ ಮಾಹಿತಿಯನ್ನು ಇದೇ ಮಾದರಿಯಲ್ಲಿ ತೆರೆದಿಟ್ಟಿವೆ. ವಾಹನದ ಸ್ಥಾನದ ಜೊತೆ ಆಕ್ಯುಪೆನ್ಸಿ ಸ್ಟೇಟಸ್ ಎಂಬ ಅಂಕಣ ಇದೆ, ಖಾಲಿಯಿಂದ ‘ಇನ್ನು ಹತ್ತಿಸಿಕೊಳ್ಳುವುದಿಲ್ಲ’ದವರೆಗೆ ಮೆಟ್ಟಿಲುಗಳು. ಶೇಕಡಾವಾರು ಅಂಕಣವೂ ಇದೆ, ಎಡವುವುದು ಅಲ್ಲಿ. ನೂರು ಎಂದರೆ ಬಸ್ಸಿನ ವಿನ್ಯಾಸದ 60 ಜನವೋ, ಇವತ್ತಿನ ಮಿತಿಯ 30 ಜನವೋ? ಆ ಹೊತ್ತಿನ ನಿಯಮ ಒಪ್ಪುವಷ್ಟನ್ನೇ ನೂರು ಎಂದು ಇಟ್ಟುಕೊಳ್ಳಬೇಕು. 30ರ ಮಿತಿಯ ದಿನ 33 ಜನ ಇದ್ದರೆ 110; ನೂರು ದಾಟಲು ಅವಕಾಶವಿದೆ. 60ಕ್ಕೆ ಭಾಗಿಸಿ 55 ಎಂದು ಕಳಿಸಿದರೆ ಜಗತ್ತಿನ ಎಲ್ಲ ಆ್ಯಪ್‌ಗಳೂ ಆ ಬಸ್ಸನ್ನು ಆರಾಮ ಎಂದು ತೋರಿಸುತ್ತವೆ.

ಭೂತದ ಬಸ್ಸು

ಲೈವ್ ಮಾಹಿತಿಯ ಮೇಲಿನ ನಂಬಿಕೆ ಹೋಗುವುದು ಎಣಿಕೆಯ ತಪ್ಪಿಗಿಂತ ಹೆಚ್ಚಾಗಿ, ಪರದೆಯಲ್ಲಿ ಬಂದು ರಸ್ತೆಯಲ್ಲಿ ಬರದ ಬಸ್ಸಿನಿಂದ. ಮುಖ್ಯ ಕಾರಣ ಎರಡು.

ಒಂದು, ಡಿಪೋದಲ್ಲಿ ಬೆಳಗ್ಗೆ ಐದಕ್ಕೆ ಬಸ್ ಸ್ಟಾರ್ಟ್ ಆಗದೆ ಇನ್ನೊಂದು ಬಸ್ ಹೋಗುವುದು. ಟ್ರ್ಯಾಕರ್ ಹಳೆಯ ಬಸ್ಸಿನಲ್ಲಿದೆ, ಶೆಡ್ಯೂಲ್ (ಆ ದಿನದ ಟ್ರಿಪ್‌ಗಳ ಪಟ್ಟಿ) ಹಳೆಯ ಬಸ್ಸಿಗೆ ಅಂಟಿದೆ. ಪರದೆಯ ಬಸ್ ಡಿಪೋದಲ್ಲೇ ನಿಂತಿದೆ, ರಸ್ತೆಯ ಬಸ್ ಯಾರಿಗೂ ಕಾಣುವುದಿಲ್ಲ. 2019ರ ಜನವರಿ 1ರ ನಂತರ ನೋಂದಣಿಯಾದ ಬಸ್ಸುಗಳಿಗೆ ಎಐಎಸ್ 140 ಮಾನದಂಡದ ಟ್ರ್ಯಾಕರ್ ಕಡ್ಡಾಯ, ಹಾಗಾಗಿ ಸಾಧನ ಇರುತ್ತದೆ, ತಪ್ಪುವುದು ಜೋಡಣೆ. ಬಸ್ಸಿಗೂ ಶೆಡ್ಯೂಲಿಗೂ ಗಂಟು ಹಾಕುವ ಕೆಲಸವನ್ನು ಕಚೇರಿಯ ಕಂಪ್ಯೂಟರಿನಲ್ಲಿ ಮಾಡಬೇಡಿ. ಕಂಡಕ್ಟರ್ ಇಟಿಎಂ ತೆರೆಯುವಾಗ ಶೆಡ್ಯೂಲ್ ನಂಬರ್ ಹಾಕಿಯೇ ಹಾಕುತ್ತಾರೆ. ಜೊತೆಗೆ ಬಸ್ಸಿನ ನಂಬರ್ ಕೂಡ ಕಡ್ಡಾಯ ಮಾಡಿ, ಅಲ್ಲಿಂದಲೇ ಗಂಟು ಬೀಳಲಿ. ಟ್ರ್ಯಾಕರ್ ಚಲಿಸುತ್ತಿಲ್ಲ ಆದರೆ ಅದರ ಶೆಡ್ಯೂಲಿನ ಟಿಕೆಟ್ ಹರಿಯುತ್ತಿದೆ ಎಂದರೆ ಕಂಟ್ರೋಲ್ ರೂಮಿನಲ್ಲಿ ದೀಪ ಹತ್ತಬೇಕು.

ಎರಡು, ರದ್ದಾದ ಟ್ರಿಪ್. ಸಿಬ್ಬಂದಿ ಇಲ್ಲದೆ ಟ್ರಿಪ್ ಬಿದ್ದುಹೋದರೂ ವೇಳಾಪಟ್ಟಿಯ ಸಮಯ ಪರದೆಯಲ್ಲಿ ಓಡುತ್ತಲೇ ಇರುತ್ತದೆ. ಸಾಂಕ್ರಾಮಿಕದ ದಿನಗಳಲ್ಲಿ ಇದು ದಿನನಿತ್ಯದ ಮಾತು. ಟ್ರ್ಯಾಕರ್ ಇಲ್ಲದ ಬಸ್ಸನ್ನು ತೋರಿಸಲೇಬೇಡಿ ಎಂಬುದು ನಮ್ಮ ಅಭಿಪ್ರಾಯ. ಬರಲಾರದ ಬಸ್ಸಿಗಾಗಿ ಕೆಂಪು ಬಸ್ಸನ್ನು ಬಿಟ್ಟವರು ಮತ್ತೆಂದೂ ಬಸ್ ಬಿಡುವುದಿಲ್ಲ.

ತಾಜಾತನದ ನಿಯಮ ಸರಳ. ಸ್ಥಾನ 30 ಸೆಕೆಂಡಿಗೊಮ್ಮೆ ಹೊಸದಾಗಲಿ. 90 ಸೆಕೆಂಡ್ ಮೀರಿ ಹಳತಾದರೆ ಆ ಬಸ್ ಪರದೆಯಲ್ಲಿ ಬೂದು. ಎಣಿಕೆ ಗೊತ್ತಿಲ್ಲದಿದ್ದರೂ ಬೂದು. ಗೊತ್ತಿಲ್ಲದ್ದನ್ನು ಹಸಿರು ಎಂದು ತೋರಿಸುವ ಆಸೆ ಎಲ್ಲ ಪ್ರೋಗ್ರಾಮರ್‌ಗಳಿಗೂ ಇರುತ್ತದೆ, ಖಾಲಿ ಅಂಕಣವನ್ನು ಸೊನ್ನೆ ಎಂದು ಓದುವ ಒಂದೇ ಸಾಲಿನ ತಪ್ಪು ಸಾಕು. ಅದನ್ನೇ ಮೊದಲು ಪರೀಕ್ಷಿಸಿ: ಒಂದು ಇಟಿಎಂ ಆಫ್ ಮಾಡಿ, ಬಣ್ಣ ಏನಾಗುತ್ತದೆ ನೋಡಿ.

ನಿಮ್ಮ ಸ್ಟಾಪಿಗೆ ಬಂದಾಗ ಎಷ್ಟಿರುತ್ತದೆ

ಆರು ಕಿಲೋಮೀಟರ್ ಆಚೆ ಈಗ 14 ಜನ ಇದ್ದಾರೆ ಎಂಬುದರಿಂದ ಕಾಯುವವರಿಗೆ ಪ್ರಯೋಜನ ಕಡಿಮೆ. ನಡುವಿನ ಸ್ಟಾಪುಗಳಲ್ಲಿ ಸಾಮಾನ್ಯವಾಗಿ ಹತ್ತುವವರನ್ನು ಕೂಡಿ, ಇಳಿಯುವವರನ್ನು ಕಳೆಯಿರಿ: 14ಕ್ಕೆ 9 ಸೇರಿಸಿ 4 ಕಳೆದರೆ 19, ಅಂದರೆ ಹಳದಿ. ಈ ‘ಸಾಮಾನ್ಯವಾಗಿ’ಯನ್ನು ಕಳೆದ ಎರಡು ವಾರದಿಂದ ಮಾತ್ರ ತೆಗೆಯಿರಿ. ಕಳೆದ ವರ್ಷದ ಡೇಟಾ ಎಷ್ಟೇ ರಾಶಿ ಇದ್ದರೂ ಲಾಕ್‌ಡೌನ್ ಸಡಿಲವಾಗುವ ವಾರಕ್ಕೆ ಅದು ಸುಳ್ಳು ಸಾಕ್ಷಿ.

ಕಂಟ್ರೋಲ್ ರೂಮಿನ ಕೆಲಸ

ಮಾರ್ಗದ ಬಸ್ಸುಗಳನ್ನು ಒಂದು ಗೆರೆಯ ಮೇಲೆ ಮಣಿಗಳಂತೆ ತೋರಿಸುವ ಪರದೆ ಇರಲಿ. ನಕ್ಷೆ ಚಂದ ಕಾಣುತ್ತದೆ, ಅಂತರ ಕಾಣುವುದಿಲ್ಲ. ಎರಡು ಮಣಿ ಅಂಟಿಕೊಂಡರೆ ಹಿಂದಿನದನ್ನು ಮುಂದಿನ ದೊಡ್ಡ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲಿಸಿ. ಎರಡಕ್ಕಿಂತ ಹೆಚ್ಚು ಬೇಡ, ಒಳಗಿರುವವರಿಗೆ ಅದೇ ಗಾಳಿಯಲ್ಲಿ ಕೂರುವ ಶಿಕ್ಷೆ. ಒಂದೇ ಸ್ಟಾಪಿನಿಂದ ಸತತ ಎರಡು ಬಸ್ ಕೆಂಪಾಗಿ ಹೊರಟರೆ ಕಾದಿರಿಸಿದ ಬಸ್ ಹೊರಡಬೇಕು. ಅದು ಡಿಪೋದಲ್ಲಿ ಇದ್ದರೆ ಪ್ರಯೋಜನವಿಲ್ಲ. ಮೆಜೆಸ್ಟಿಕ್, ಶಿವಾಜಿನಗರ, ಕೆ.ಆರ್. ಮಾರುಕಟ್ಟೆಯಂಥ ಜಾಗದಲ್ಲಿ, ಡ್ರೈವರ್ ಸೀಟಿನಲ್ಲಿರುವಂತೆ ನಿಂತಿರಬೇಕು.

ತುಂಬಿದ ಬಸ್ ಸ್ಟಾಪಿನಲ್ಲಿ ನಿಲ್ಲದೆ ಹೋಗಬಹುದೇ? ಷಿಕಾಗೋದಲ್ಲಿ ಚಾಲಕರಿಗೆ ಈ ಅಧಿಕಾರ ಕೊಟ್ಟಿದ್ದರು. ನಮ್ಮಲ್ಲೂ ಕೊಡಬಹುದು, ಆದರೆ ಅಧಿಕಾರ ಡ್ರೈವರದ್ದಾಗಿದ್ದರೂ ಅನುಮತಿ ಕಂಟ್ರೋಲ್ ರೂಮಿನದ್ದಾಗಿರಲಿ: ಹಿಂದಿನ ಬಸ್ ಹತ್ತು ನಿಮಿಷದೊಳಗೆ ಇರಬೇಕು, ಹಸಿರು ಅಥವಾ ಹಳದಿ ಇರಬೇಕು. ಇಳಿಯುವವರು ಇದ್ದರೆ ಹೇಗೂ ನಿಲ್ಲಲೇಬೇಕು. ರಾತ್ರಿ ಎಂಟರ ನಂತರ ಈ ನಿಯಮವೇ ಬೇಡ. ಕೊನೆಯ ಬಸ್ಸಿಗೆ ಮಿತಿ ಹೇಳಿ ಒಬ್ಬ ಹೆಂಗಸನ್ನು ಕತ್ತಲೆಯ ಸ್ಟಾಪಿನಲ್ಲಿ ಬಿಟ್ಟು ಹೋಗುವುದು ಯಾವ ಲೆಕ್ಕದ ಸುರಕ್ಷತೆಯೂ ಅಲ್ಲ.

ಹೇಳುವ ಭಾಷೆ

ಸ್ಟಾಪಿನ ಎಲ್‌ಇಡಿ ಬೋರ್ಡಿನಲ್ಲಿ ಎರಡು ಬಸ್ ಒಟ್ಟಿಗೆ ಕಾಣಬೇಕು: ‘3 ನಿ. ತುಂಬಿದೆ – 9 ನಿ. ಸೀಟಿದೆ’. ಒಂದೊಂದಾಗಿ ಓಡಿಸಿದರೆ ಮೊದಲನೆಯದನ್ನು ಓದಿದವರು ಎರಡನೆಯದು ಬರುವ ಮೊದಲೇ ರಸ್ತೆಗೆ ಇಳಿದಿರುತ್ತಾರೆ. ಬಣ್ಣದ ಜೊತೆ ಪದ ಇರಲೇಬೇಕು, ಕೆಂಪು ಹಸಿರು ಭೇದ ಕಾಣದವರು ಕಡಿಮೆಯಿಲ್ಲ. ‘ಶೇ. 63 ಭರ್ತಿ’ ಎಂಬುದು ಯಾರಿಗೂ ಬೇಡ.

ಆ್ಯಪ್ ಇಲ್ಲದವರೇ ಬಸ್ಸಿನ ಬಹುಪಾಲು ಋಣಾನುಬಂಧಿಗಳು: ಮನೆಗೆಲಸದವರು, ಕಟ್ಟಡ ಕೆಲಸದವರು, ಹೂ ಮಾರುವವರು. ಅವರಿಗೆ ಅಗ್ಗದ ಸಾಧನ ನಿಲ್ದಾಣದ ಟಿಸಿ (ಟ್ರಾಫಿಕ್ ಕಂಟ್ರೋಲರ್) ಕೈಯ ಮೈಕು. ಟಿಸಿಗೆ ಒಂದು ಟ್ಯಾಬ್ ಕೊಟ್ಟು, ಹೇಳಬೇಕಾದ ವಾಕ್ಯವನ್ನೂ ಬರೆದು ಕೊಡಿ: ‘ಈಗ ಬರ್ತಿರೋ ಬಸ್ ತುಂಬಿದೆ. ಹಿಂದಿನದು ಆರು ನಿಮಿಷಕ್ಕೆ ಬರುತ್ತೆ, ಸೀಟಿದೆ. ದಯವಿಟ್ಟು ಕಾಯಿರಿ’. ನಿಮಿಷದ ಸಂಖ್ಯೆ ಇಲ್ಲದೆ ಹೇಳಿದರೆ ಅದು ಮತ್ತೆ ಹಳೆಯ ‘ಹಿಂದೆ ಖಾಲಿ ಬಸ್’ ಆಗಿಬಿಡುತ್ತದೆ.

ಪ್ರಯಾಣಿಕರಿಗೆ

ಸ್ಟಾಪಿಗೆ ಬಂದ ಮೇಲಲ್ಲ, ಚಪ್ಪಲಿ ಹಾಕುವ ಮೊದಲು ನೋಡಿ. ಸ್ಟಾಪಿನ ಗುಂಪಿನಲ್ಲಿ ಕಾಯುವ ಹದಿನೈದು ನಿಮಿಷ ಉಳಿಯುವುದೇ ದೊಡ್ಡ ಲಾಭ. ಮೊದಲ ಬಸ್ ಕೆಂಪು, ಎರಡನೆಯದು ಹತ್ತು ನಿಮಿಷದೊಳಗೆ, ಹಸಿರು ಎಂದಿದ್ದರೆ ಬಿಟ್ಟುಬಿಡಿ. ಎರಡೂ ಕೆಂಪಾದರೆ ಕಾಯುವುದರಿಂದ ಲಾಭವಿಲ್ಲ, ಬರುವುದನ್ನೇ ಹತ್ತಿ. ಬೂದು ಬಣ್ಣವನ್ನು ಕೆಂಪು ಎಂದೇ ಓದಿಕೊಳ್ಳಿ. ಟ್ರಿಪ್ ಶುರುವಾಗುವ ಜಾಗದ ಕಡೆಗೆ ಎರಡು ಸ್ಟಾಪ್ ಹಿಂದೆ ನಡೆದು ಹೋದರೆ ಎಷ್ಟೋ ಸಲ ಕಿಟಕಿ ಸೀಟೇ ಸಿಗುತ್ತದೆ. ಬಣ್ಣ ಹಸಿರಾದರೂ ಮಾಸ್ಕ್ ಬಿಚ್ಚಬೇಡಿ. ಎಣಿಕೆಗೆ ಜನ ಕಾಣುತ್ತಾರೆ, ಕೆಮ್ಮು ಕಾಣುವುದಿಲ್ಲ. ಮೆಟ್ರೋದಲ್ಲಿ ಮೆಟ್ಟಿಲು ಇಳಿಯುವ ಜಾಗದ ಎದುರಿನ ಬೋಗಿ ಮೊದಲು ತುಂಬುತ್ತದೆ, ಪ್ಲಾಟ್‌ಫಾರಂನ ತುದಿಗೆ ನಡೆಯಿರಿ. 2020ರ ಸೆಪ್ಟೆಂಬರ್ 7ರಂದು ನಮ್ಮ ಮೆಟ್ರೋ ಮತ್ತೆ ಶುರುವಾದಾಗ ಆರು ಬೋಗಿಯ ರೈಲಿಗೆ 400 ಜನ ಎಂಬ ಮಿತಿ ಇತ್ತು, ಆದರೆ ಆ 400 ಜನ ಆರು ಬೋಗಿಗೆ ಸಮನಾಗಿ ಹರಡಿದರೆ ಮಾತ್ರ ಆ ಸಂಖ್ಯೆಗೆ ಅರ್ಥ.

ಬಿಡುವ ಮುನ್ನ

ಒಂದು ಮಾರ್ಗ, ಒಂದು ವಾರ, ಮೂರು ಸ್ಟಾಪ್, ಕೈಯಲ್ಲಿ ಒತ್ತುವ ಎಣಿಕೆ ಯಂತ್ರ. ಪರದೆ ಹೇಳಿದ್ದು, ಕಣ್ಣು ಕಂಡದ್ದು ಎರಡನ್ನೂ ಬರೆದಿಡಿ. ಹಳದಿಯನ್ನು ಹಸಿರು ಎಂದ ತಪ್ಪಿಗೂ, ಕೆಂಪನ್ನು ಹಸಿರು ಎಂದ ತಪ್ಪಿಗೂ ಒಂದೇ ಅಂಕ ಕೊಡಬೇಡಿ. ನೂರು ಬಸ್ಸಿನಲ್ಲಿ ಎರಡನೆಯ ಬಗೆಯ ತಪ್ಪು ಐದಕ್ಕಿಂತ ಹೆಚ್ಚಾದರೆ ಗುಣಕ ಸರಿಮಾಡಿ ಮತ್ತೊಂದು ವಾರ ಎಣಿಸಿ. ಖಾಲಿ ಬಸ್ಸನ್ನು ಕೆಂಪೆಂದು ತೋರಿಸಿದರೆ ಜನ ಬೈದುಕೊಳ್ಳುತ್ತಾರೆ; ತುಂಬಿದ್ದನ್ನು ಹಸಿರೆಂದು ತೋರಿಸಿದರೆ ಬೋರ್ಡನ್ನೇ ನೋಡುವುದು ಬಿಡುತ್ತಾರೆ.

ಮಿತಿ ಬದಲಾಗುವ ಆದೇಶ ಸಾಮಾನ್ಯವಾಗಿ ರಾತ್ರಿ ಬರುತ್ತದೆ, ಮರುದಿನ ಬೆಳಗ್ಗೆ ಐದಕ್ಕೆ ಜಾರಿ. ಆ ರಾತ್ರಿಯ ಕೆಲಸದ ಸರದಿ ಹೀಗಿರಲಿ: ಮೊದಲು ಹೊಸ ಮಿತಿ, ಅದರಿಂದ ಮೂರು ಬಣ್ಣದ ಗಡಿ, ಮಳೆಯ ಗಡಿ, ನಂತರ ಶೇಕಡಾವಾರಿನ ಛೇದ, ಆಮೇಲೆ ಟಿಸಿಗಳ ವಾಕ್ಯದ ಚೀಟಿ, ಕೊನೆಗೆ ಕಂಡಕ್ಟರ್‌ಗಳಿಗೆ ವೇ ಬಿಲ್ (ದಿನದ ಟಿಕೆಟ್ ಲೆಕ್ಕದ ಹಾಳೆ) ಜೊತೆ ಒಂದು ಅಂಗೈ ಅಗಲದ ಕಾಗದ, ಅದರಲ್ಲಿ ‘ತುಂಬಿದೆ’ ಗುಂಡಿ ಒತ್ತಬೇಕಾದ ಹೊಸ ಸಂಖ್ಯೆ ದೊಡ್ಡದಾಗಿ. ಮೊದಲ ಬಸ್ ಡಿಪೋ ಗೇಟು ದಾಟುವಾಗ ಒಬ್ಬರು ಪರದೆಯ ಮುಂದೆ ಕೂತು, ಅದರ ನಂಬರ್ ಅದೇ ಶೆಡ್ಯೂಲಿನ ಮೇಲೆ ಚಲಿಸುತ್ತಿದೆಯೇ ಎಂದು ನೋಡಬೇಕು.